ಎರಡು ಸಲ ಜಗ್ಗಿದರೆ

ದೇವಾನಂದನ ಸೊಂಟದ ಹಗ್ಗವನ್ನು ಅವನ ಹೆಂಡತಿ ಮಧುಮತಿ ಬಿಟ್ಟು ಬೇರೆ ಯಾರೂ ಹಿಡಿಯುತ್ತಿರಲಿಲ್ಲ. ಗಾಣಗಾಪುರದ ಸಂಗಮದಲ್ಲಿ ಯಾರಾದರೂ ಮುಳುಗಿದರೆ ಪೊಲೀಸರು ಚೌಡಾಪುರದ ಅವನ ಮನೆಗೆ ಫೋನ್ ಮಾಡುವರು. ಅವನು ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಗಾಡಿ ಹತ್ತುವನು, ಅವಳು ಹಿಂದೆ ಕೂಡುವಳು. ಅವನು ನೀರಿಗೆ ಇಳಿಯುವನು, ಅವಳು ದಂಡೆಗೆ ನಿಲ್ಲುವಳು. ಅವನು ಒಳಗೆ ಇರುವಷ್ಟು ಹೊತ್ತು ಅವನ ಜೀವ ಅವಳ ಬೆರಳಿನ ಮೇಲೆ. ಈ ಮಾತು ಸುತ್ತಲಿನ ಊರಿಗೆಲ್ಲ ಗೊತ್ತಿತ್ತು. ಆದರೂ ಭೀಮಾ ತುಂಬಿ ಬಂದ ದಿನ ಆ ಹಗ್ಗ ಬೇರೆ ಕೈಗೆ ಹೋಯಿತು.

ದೇವಾನಂದ ಆಳಂದ ತಾಲೂಕಿನ ಮಟಕಿಯವನು. ಅಪ್ಪ ಮಹಾದೇವಪ್ಪ ಕಲ್ಲು ಒಡೆಯುವವನು. ಅವ್ವ ಚಂದಮ್ಮ ಕೂಲಿಗೆ ಹೋಗುವವಳು. ಅಣ್ಣ ದಶರಥ, ಅವನ ಕೆಳಗೆ ಇವನು. ಊರ ಬಾವಿಯಲ್ಲಿ ಈಜಲು ಅವರ ಓಣಿಯ ಹುಡುಗರನ್ನು ಬಿಡುತ್ತಿರಲಿಲ್ಲ. ಅದಕ್ಕೆ ದೇವಾನಂದ ಹಳೇ ಕಲ್ಲಿನ ಖಣಿಯಲ್ಲಿ ಈಜು ಕಲಿತ. ಖಣಿಯ ನೀರು ಕರ್ರಗೆ. ಒಳಗೆ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಕೈ ಮುಂದೆ ಚಾಚಿ ತಡವುತ್ತ ಹೋಗಬೇಕು. ಮುಂದೆ ಮಿಲಿಟರಿ ಸೇರಿದಾಗ ಅದೇ ಅವನ ಹೊಟ್ಟೆಗೆ ಅನ್ನ ಹಾಕಿತು.

ಬೆಳಗಾವಿಯ ಭರ್ತಿಯಲ್ಲಿ ಆರಿಸಿ ಬಂದ. ಮೊದಲು ಸಾದಾ ಸಿಪಾಯಿ. ಆಮೇಲೆ ತಾನಾಗಿ ಹೆಸರು ಕೊಟ್ಟು ಕೆಂಪು ಟೋಪಿಯ ಕಮಾಂಡೋ ಪಡೆಗೆ ಹೋದ. ಅಲ್ಲಿ ತಗೋಬೇಕಾದರೆ ತಿಂಗಳಾನುಗಟ್ಟಲೆ ಹಿಂಡುತ್ತಾರೆ. ನಿದ್ದೆ ಕೊಡುವುದಿಲ್ಲ, ಬೆನ್ನ ಮೇಲೆ ಭಾರ ಕಟ್ಟಿ ನೀರಿಗೆ ದಬ್ಬುತ್ತಾರೆ. ಕೂಡ ಹೋದವರಲ್ಲಿ ಬಹಳ ಮಂದಿ ಗಂಟು ಕಟ್ಟಿಕೊಂಡು ವಾಪಸ್ ಹೋದರು. ಇವನು ಉಳಿದ. ನೀರೊಳಗಿನ ಕೆಲಸಕ್ಕೆ ಇವನನ್ನೇ ಹಾಕಿದರು.

ಮಧುಮತಿ ಜೇವರ್ಗಿ ಕಡೆಯ ಹುಡುಗಿ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಮದುವೆಯಾದ ಹೊಸದರಲ್ಲಿ ಕೇಳಿದಳು.

"ಅಲ್ಲಿ ಏನ್ ಮಾಡ್ತೀರಿ?"

"ಕಾಯ್ತೀವಿ."

"ಏನ್ ಕಾಯ್ತೀರಿ?"

"ಹೊತ್ತು."

"ಹೊತ್ತು ಕಾಯಾಕ ಸರಕಾರ ಪಗಾರ ಕೊಡ್ತದೇನ್ರಿ?"

"ಮತ್ತ? ಇಲ್ಲಿ ಕಟ್ಟಿ ಮ್ಯಾಲ ಕುಂತವ್ರು ಪುಗಸಟ್ಟೆ ಕಾಯ್ತಾರ," ಅಂದ. ಆಮೇಲೆ, "ಪಲ್ಯಾ ಏನ್ ಮಾಡಿದಿ?" ಅಂತ ಮಾತು ತಿರುಗಿಸಿದ.

ಅವನು ಹೇಳುತ್ತಿರಲಿಲ್ಲ, ಅವಳಿಗೆ ತಿಳಿಯುತ್ತಿತ್ತು. ಕೆಲಸಕ್ಕೆ ಹೋಗುವ ಮೊದಲು ಫೋನ್ ಮಾಡಿ ಬೇಡದ್ದೆಲ್ಲ ಕೇಳುವನು. ಮನೆ ಸೋರಾಕತ್ತದೇನು, ಅವ್ವನ ಮೊಣಕಾಲು ಹೆಂಗ ಅದ, ಹುಣಸೆ ಗಿಡ ಕಾಯಿ ಹಿಡಿದದೇನು. ಹುಣಸೆ ಗಿಡದ ಮಾತು ಬಂತೆಂದರೆ ಇನ್ನು ಫೋನ್ ಬರುವುದಿಲ್ಲ. ಅವಳು ಅಂದಿನಿಂದ ಉಣ್ಣುವುದು ಕಮ್ಮಿ ಮಾಡುವಳು. ಮತ್ತೆ ಫೋನ್ ಬಂದ ದಿನ ಎರಡು ರೊಟ್ಟಿ ಜಾಸ್ತಿ ತಿನ್ನುವಳು. ಹೀಗೇ ವರ್ಷಗಳು ಹೋದವು.

ಒಂದು ಪದಕ ಬಂತು. ಯಾಕೆ ಕೊಟ್ಟರು ಅನ್ನಲಿಲ್ಲ. ಟ್ರಂಕಿನಲ್ಲಿ ಅವಳ ಮದುವೆ ಸೀರೆಯ ಕೆಳಗೆ ಇಟ್ಟ. ಎಡಗಿವಿ ಹೋಯಿತು. ಅದು ಹೋದದ್ದು ಹೆಂಗ ಅಂತಲೂ ಹೇಳಲಿಲ್ಲ. "ಜೋರ್ ಸಪ್ಪಳ ಆತು," ಅಂದ, ಅಷ್ಟೇ.

ಒಂದೇ ಒಂದು ಕಥೆ ಅವನು ತಾನಾಗಿ ಹೇಳಿದ್ದು. ಮೇಲೆ ಹಿಮದ ನಾಡಿನಲ್ಲಿ ಮಿಲಿಟರಿ ಗಾಡಿ ಹೊಳೆಗೆ ಬಿದ್ದಿತ್ತು. ಒಳಗಿನವರನ್ನು ತೆಗೆಯಲು ಇವನು ಇಳಿದ. ದಂಡೆಯಲ್ಲಿ ಹಗ್ಗ ಹಿಡಿದವನು ಇವನ ಜೋಡಿದಾರ, ಗಢವಾಲದ ಗುಡ್ಡದವನು.

"ನಾ ಒಳಗ ಇರೋತನ ಆಂವ ಬೀಡಿ ಸೇದಂಗಿಲ್ಲ, ಮಾತಾಡಂಗಿಲ್ಲ, ಮೂಗ ತುರಿಸಿದ್ರೂ ತುರಿಸ್ಕೊಳ್ಳಂಗಿಲ್ಲ," ಅಂದ ದೇವಾನಂದ. "ಹಗ್ಗ ಹಿಡಿಯೋದು ತಾಕತ್ತಿನ ಕೆಲಸಲ್ಲ ಬೇ. ಎಳಿಯಾಕ ಎತ್ತಿಗೂ ಬರ್ತದ. ಬಿಡಾಕ ಬರಬೇಕು."

ನೌಕರಿ ಮುಗಿಸಿ ಬಂದ ಮೇಲೆ ಚೌಡಾಪುರದಲ್ಲಿ ಮನೆ ಮಾಡಿದರು. ಮಧುಮತಿ ಗಾಣಗಾಪುರದಲ್ಲಿ ಕಾಯಿ, ಊದಿನಕಡ್ಡಿ, ಕುಂಕುಮದ ಸಣ್ಣ ಅಂಗಡಿ ಇಟ್ಟಳು. ಅವನು ಬೆಳಿಗ್ಗೆ ರಸ್ತೆ ಮೇಲೆ ಸುತ್ತಲಿನ ಹುಡುಗರನ್ನು ಓಡಿಸುವನು, ಭರ್ತಿಗೆ ತಯಾರು ಮಾಡುವನು. ಅವರಲ್ಲಿ ಮಟಕಿಯ ಶಂಕರಲಿಂಗ ಒಬ್ಬ. ಅವನು ಒಬ್ಬನೇ ಈಜು ಕಲಿಸಿರಿ ಅಂತ ಬೆನ್ನು ಹತ್ತಿದವನು. ಉಳಿದವರಿಗೆ ಓಡುವುದು ಸಾಕಿತ್ತು.

ಸಂಗಮಕ್ಕೆ ಮೀಯಲು ದೂರದ ಮಂದಿ ಬರುತ್ತಾರೆ. ಅವರಿಗೆ ಹೊಳೆಯ ತಗ್ಗು ಗೊತ್ತಿರುವುದಿಲ್ಲ. ಒಂದು ಸಲ ಯಾವುದೋ ಊರಿನ ಭಕ್ತರ ಮಗ ಮುಳುಗಿದ. ಪೊಲೀಸ್ ಜಮಾದಾರ ಜಗದೇವಪ್ಪ ಅಂಗಡಿಗೆ ಬಂದು, "ಮಿಲಿಟರಿ, ನಿಮ್ಮ ಕೈಲೆ ಆಗ್ತದೇನ್ರಿ?" ಅಂತ ಕೇಳಿದ. ದೇವಾನಂದ ಇಳಿದ. ದಂಡೆಯಲ್ಲಿ ಇಬ್ಬರು ಹುಡುಗರ ಕೈಗೆ ಹಗ್ಗ ಕೊಟ್ಟಿದ್ದ. ಒಬ್ಬ ಮೊಬೈಲ್ ತೆಗೆದು ವಿಡಿಯೋ ಹಿಡಿದ. ಇನ್ನೊಬ್ಬ ಆ ವಿಡಿಯೋದಲ್ಲಿ ಬರಲು ಎದೆ ಉಬ್ಬಿಸಿ ನಿಂತ. ಒಳಗೆ ಹಗ್ಗ ದೇವಾನಂದನ ಕುತ್ತಿಗೆಗೆ ಸುತ್ತಿತ್ತು. ಹೆಣದೊಂದಿಗೆ ಮೇಲೆ ಬಂದಾಗ ಅವನ ಮುಖವೂ ಹೆಣದ ಬಣ್ಣಕ್ಕೆ ತಿರುಗಿತ್ತು.

ಮನೆಗೆ ಬಂದು ಮಧುಮತಿಯ ಮುಂದೆ ಹಗ್ಗ ಇಟ್ಟ.

"ಇನ್ನ ಮುಂದ ನೀ ಹಿಡಿ."

"ನಾ? ನನಗೇನ್ ಬರ್ತದ?"

"ಬಾವಿಯಾಗ ಕೊಡ ಬಿಟ್ಟಾಗ ನೀರಿಗಿ ತಾಕ್ತೋ ಕಲ್ಲಿಗಿ ತಾಕ್ತೋ ಹೆಂಗ ತಿಳೀತದ ನಿನಗ?"

ಅವಳಿಗೆ ಅದರಲ್ಲಿ ಹೇಳುವಂಥದ್ದು ಏನಿದೆ ಅನಿಸಿತು. ತವರಿನ ಬಾವಿ ಆಳ. ಮದುವೆಯ ತನಕ ಸೇದಿದ ನೀರು. ಕೊಡ ಮುಳುಗಿದ್ದು, ತುಂಬಿದ್ದು, ಗೋಡೆಗೆ ಸಿಕ್ಕಿದ್ದು, ಎಲ್ಲ ಹಗ್ಗದಲ್ಲೇ ತಿಳಿಯುತ್ತದೆ. ಬಗ್ಗಿ ನೋಡುವುದು ಯಾಕೆ?

"ಅಷ್ಟ ಸಾಕು," ಅಂದ.

ಅವನು ಕಲಿಸಿದ್ದು ಮೂರೇ. ಒಂದು ಸಲ ಜಗ್ಗಿದರೆ, ನಾ ಚಲೋ ಅದೇನಿ. ಎರಡು ಸಲ ಜಗ್ಗಿದರೆ, ಸಡ್ಲ ಬಿಡು. ಮೂರು ಸಲ ಜಗ್ಗಿದರೆ, ಎಳಿ. ಮನೆಯಲ್ಲೇ ತಾಲೀಮು ನಡೆಯಿತು. ಅವನು ಕೋಣೆಯೊಳಗೆ, ಹಗ್ಗ ಕಿಟಕಿಯಿಂದ ಹೊರಗೆ, ಅವಳು ಅಂಗಳದಲ್ಲಿ ಕಣ್ಣು ಮುಚ್ಚಿ. ಚಂದಮ್ಮ ಮೊಣಕಾಲು ತಿಕ್ಕುತ್ತ ನೋಡಿ, "ಮಂದಿ ಎಮ್ಮಿ ಕಟ್ತಾರ. ನನ್ನ ಸೊಸಿ ಗಂಡಗ ಕಟ್ಟ್ಯಾಳ," ಅಂದಳು.

"ಎಮ್ಮಿ ಆದ್ರ ಹಾಲರೆ ಕೊಡ್ತಿತ್ತು ಅತ್ತಿ," ಅಂದಳು ಮಧುಮತಿ. ಒಳಗಿನಿಂದ ಹಗ್ಗ ಎರಡು ಸಲ ಜಗ್ಗಿತು. ಬಿಡು, ಸಾಕು ಅಂತ.

ಆಮೇಲೆ ಅದು ಅವರಿಬ್ಬರ ಮಾತೇ ಆಯಿತು. ಮಂದಿಯ ನಡುವೆ ಅವಳು ಏನಾದರೂ ಅವನನ್ನು ಅಂದರೆ ಹಿಂದಿನಿಂದ ಸೆರಗು ಎರಡು ಸಲ ಜಗ್ಗುವನು. ಸಂತೆಯಲ್ಲಿ ತಪ್ಪಿಸಿಕೊಂಡು ಮತ್ತೆ ಸಿಕ್ಕರೆ ಒಂದು ಸಲ.

ಹೆಣ ತೆಗೆಯುವುದು ಮರ್ಯಾದೆಯ ಕೆಲಸವೇನಲ್ಲ. ಸತ್ತವರ ಮನೆಯವರು ಅವನ ಕಾಲು ಹಿಡಿಯುವರು. ಮರುದಿನ ಚಹದ ಅಂಗಡಿಯಲ್ಲಿ ಅವನು ಕೂತ ಬೆಂಚಿನಿಂದ ಜನ ಎದ್ದು ಹೋಗುವರು. "ಹೆಣಾ ತೆಗಿಯೋ ಮಿಲಿಟರಿ" ಅಂತ ಹೆಸರು ಬಿತ್ತು. ಮಧುಮತಿಗೆ ಸಿಟ್ಟು ಬಂದರೆ ಅವನು, "ಬೆಂಚ್ ಖಾಲಿ ಆತಲ್ಲ, ನೀನೂ ಬಂದು ಕುಂದ್ರು," ಅನ್ನುವನು.

ಹೊಳೆಯ ತಳದಲ್ಲಿ ಅವನಿಗೆ ಅಂಜಿಕೆ ಇದ್ದದ್ದು ಹೆಣದ್ದಲ್ಲ, ಸೀರೆಯದು. ಹೊಳೆಗೆ ಉಡಿ ತುಂಬುವ ಹೆಣ್ಣುಮಕ್ಕಳು ಸೀರೆ ಬಿಡುತ್ತಾರೆ. ಹಸಿರು ಸೀರೆ, ಕುಪ್ಪಸದ ಕಣ, ಕಾಯಿ. ಕಾಯಿ ತೇಲಿ ಹೋಗುತ್ತದೆ. ಸೀರೆ ಕೆಳಗೆ ಹೋಗಿ ಜಾಲಿಕಂಟಿಗೆ, ತಂತಿಬೇಲಿಗೆ ಸುತ್ತಿಕೊಂಡು ಕೂಡುತ್ತದೆ. ಕಾಲಿಗೆ ಸಿಕ್ಕರೆ ಬಿಡುವುದಿಲ್ಲ. ಎಳೆದಷ್ಟೂ ಬಿಗಿಯುತ್ತದೆ. ಅದಕ್ಕೆ ಅವನು ಬಲಗೈಗೆ ದಾರದಿಂದ ಅವಳ ಕೈಲಿ ಚಾಕು ಕಟ್ಟಿಸಿಕೊಳ್ಳುವನು. ಸೀರೆ ಸಿಕ್ಕಿತೆಂದರೆ ಎರಡು ಸಲ ಜಗ್ಗುವನು. ಅವಳು ಸಡಿಲ ಬಿಡುವಳು. ಅವನು ಹಿಂದಕ್ಕೆ ತಿರುಗಿ ಕಾಲಿನ ಹತ್ತಿರ ಬಗ್ಗಿ ಕೊಯ್ಯುವನು. ಹಗ್ಗ ಬಿಗಿ ಇದ್ದರೆ ತಿರುಗಲು ಬರುವುದಿಲ್ಲ.

ಇನ್ನು ದಶರಥನ ಮಾತು. ಅವನು ಕೆಟ್ಟವನಲ್ಲ. ಒಕ್ಕಲುತನ ಮಾಡಿಕೊಂಡು ಇದ್ದವನು. ತಮ್ಮನೆಂದರೆ ಪ್ರಾಣ. ಆ ಮನೆಯಲ್ಲಿ ಸೊಸೆಗೂ ಗಂಡನ ಅಣ್ಣನಿಗೂ ನಡುವೆ ಒಂದು ರೀತಿ ಇತ್ತು. ಭಾವ ಬಂದರೆ ತಲೆ ಮೇಲೆ ಸೆರಗು. ಭಾವನ ಮುಖ ನೋಡಿ ಮಾತಿಲ್ಲ. ಕೈ ತಾಕಬಾರದು, ಕೈ ತಾಕೀತು ಅಂತ ಒಂದೇ ಸಾಮಾನನ್ನು ಇಬ್ಬರೂ ಒಮ್ಮೆಲೇ ಹಿಡಿಯಬಾರದು. ಚಹದ ಕಪ್ಪು ನೆಲದ ಮೇಲೆ ಇಟ್ಟು ಸರಿಯಬೇಕು, ಅವನು ಎತ್ತಿಕೊಳ್ಳಬೇಕು. ಚಂದಮ್ಮ ಮಾಡಿದ ರೀತಿಯಲ್ಲ, ಚಂದಮ್ಮನ ಅತ್ತೆ ಮಾಡಿದ್ದೂ ಅಲ್ಲ. ನಡೆದು ಬಂದದ್ದು.

"ನಮ್ಮಣ್ಣ ಏನ್ ಕರೆಂಟಿನ ತಂತಿ ಏನು, ಮುಟ್ಟಿದ್ರ ಸಾಯ್ತಿ?" ಅಂತ ದೇವಾನಂದ ಚಾಷ್ಟಿ ಮಾಡುವನು. ಮಧುಮತಿ ನಗುವಳು. ನಕ್ಕರೂ ಅವಳ ಕೈ ತಾನಾಗಿ ಸರಿಯುತ್ತಿತ್ತು. ಕೈಗೆ ಕಲಿಸಿದ್ದು ಕೈ ಮರೆಯುವುದಿಲ್ಲ.

ಆ ವರ್ಷ ಮಹಾರಾಷ್ಟ್ರದ ಕಡೆ ಮಳೆ ಹಿಡಿಯಿತು. ಮೇಲಿನಿಂದ ನೀರು ಬಿಟ್ಟರು. ಭೀಮಾ ದಂಡೆ ಮೀರಿ ಹೊಲಕ್ಕೆ ಬಂತು. ಅಫಜಲಪುರ ತಾಲೂಕಿನ ಹೊಳೆದಂಡೆಯ ಹಳ್ಳಿಗಳಿಂದ ಜನ ಸಾಮಾನು ಹೊತ್ತು ಎತ್ತರಕ್ಕೆ ಬಂದರು. ಸಾಮಾನು ಸಾಗಿಸಲು ದಶರಥ ಮಟಕಿಯಿಂದ ಟ್ರ್ಯಾಕ್ಟರ್ ತಂದಿದ್ದ. ದೇವಾನಂದ, ಮಧುಮತಿ, ಅವನು ಓಡಿಸುವ ಹುಡುಗರು, ಎಲ್ಲರೂ ಅಲ್ಲೇ ಇದ್ದರು.

ಒಂದು ಹಳ್ಳಿಯ ಹೊರಗೆ ಹೊಲದ ನಡುವೆ ಪಂಪಿನ ಮನೆ. ಅದರ ಮಾಳಿಗೆ ಮೇಲೆ ಮೂರು ಮಂದಿ ಸಿಕ್ಕಿದ್ದರು. ಕುರಿ ಕಾಯುವ ಮಾಳಿಂಗ, ಅವನ ತಾಯಿ ನಿಂಬೆವ್ವ, ಮಗಳು ಭುವನೇಶ್ವರಿ. ಕುರಿ ಬಿಟ್ಟು ಬರುವುದಿಲ್ಲ ಅಂತ ನಿಂಬೆವ್ವ ಹಟ ಹಿಡಿದಿದ್ದಳಂತೆ. ಕುರಿಯೂ ಹೋದವು, ದಾರಿಯೂ ಹೋಯಿತು. ರಕ್ಷಣಾ ಪಡೆಯ ದೋಣಿ ಹೊರಟಿತ್ತು. ನಡುವೆ ರಸ್ತೆ ಕೊಚ್ಚಿಹೋಗಿ ಅದು ಬಳಸಿ ಬರಬೇಕಿತ್ತು. ಕಾಯಿರಿ ಅಂದರು ಅಧಿಕಾರಿಗಳು.

ದೇವಾನಂದ ಪಂಪಿನ ಮನೆಯ ಗೋಡೆ ನೋಡಿದ. ಮಣ್ಣಿನಲ್ಲಿ ಕಟ್ಟಿದ ಕಲ್ಲು. ಬುಡದಲ್ಲಿ ನೀರು ಸುಳಿ ಸುತ್ತುತ್ತಿತ್ತು.

"ಕಾಯಾಕ ನನಗ ಬರ್ತದ," ಅಂದ. "ಗ್ವಾಡಿಗಿ ಬರಂಗಿಲ್ಲ."

ಪ್ರವಾಹದ ಮೇಲಿನ ದಿಕ್ಕಿಗೆ ಹೋಗಿ ಒಂದು ಬೇವಿನ ಗಿಡಕ್ಕೆ ಹಗ್ಗ ಒಂದು ಸುತ್ತು ಹಾಕಿದ. ಒಂದು ತುದಿ ತನ್ನ ಸೊಂಟಕ್ಕೆ. ಇನ್ನೊಂದು ಮಧುಮತಿಯ ಕೈಗೆ. ಟ್ರ್ಯಾಕ್ಟರಿನ ಟ್ಯೂಬಿಗೆ ಗಾಳಿ ಹೊಡೆಸಿ ಕೂಡ ಒಯ್ದ. ನೀರಿಗೆ ಇಳಿಯುವಾಗ ಅವಳ ಸೆರಗು ಒಂದು ಸಲ ಜಗ್ಗಿದ. ಯಾರೂ ನೋಡಲಿಲ್ಲ.

ಮೊದಲು ಹುಡುಗಿ ಬಂದಳು. ಟ್ಯೂಬಿನೊಳಗೆ ಕೂಡಿಸಿ, ಒಂದು ಕೈಲಿ ಹಿಡಿದು, ಓರೆಯಾಗಿ ಈಜಿ ತಂದ. ಭುವನೇಶ್ವರಿ ಅಳಲಿಲ್ಲ. ದಂಡೆಗೆ ಬಂದ ಮೇಲೆ ಮರಿ, ನನ್ನ ಮರಿ ಅಂತ ಅತ್ತಳು.

ಎರಡನೆಯ ಸಲ ನಿಂಬೆವ್ವ. ತರುವಾಗ ನಡುನೀರಿನಲ್ಲಿ ದೇವಾನಂದ ನಿಂತುಬಿಟ್ಟ. ಹಗ್ಗ ಎರಡು ಸಲ ಜಗ್ಗಿತು. ಮಧುಮತಿ ಕೈ ಸಡಿಲ ಬಿಟ್ಟಳು. ಹಗ್ಗ ಸರ್ರಂತ ಅವಳ ಅಂಗೈ ಕೊಯ್ದುಕೊಂಡು ಹೋಯಿತು. ಅವನು ನೀರೊಳಗೆ ಮುಳುಗಿದ, ಎದ್ದ. ಚಾಕು ಕೈಯಲ್ಲಿ ಇತ್ತು. ಹಸಿರು ಸೀರೆಯ ತುಂಡೊಂದು ತೇಲಿ ಹೋಯಿತು. ಆಮೇಲೆ ಮೂರು ಸಲ ಜಗ್ಗಿದ. ಅವಳು ಎಳೆದಳು. ಮುದುಕಿ ದಂಡೆಗೆ ಬಂದಳು.

ಇದನ್ನು ದಂಡೆಯವರು ನೋಡಿದ್ದು ಬೇರೆ ರೀತಿ. ಅವರು ಕಂಡದ್ದು, ಹೆಣ್ಣುಮಗಳ ಕೈಯಿಂದ ಹಗ್ಗ ಜಾರಿತು, ಮಿಲಿಟರಿ ಮುಳುಗಿದ.

"ತಂಗೀ ಕೈ ಸೋತಾವ," ಅಂದ ಒಬ್ಬ.

"ಮುಂಜಾನಿಂದ ನಿಂತಾಳ ಪಾಪ. ರಕ್ತ ಸೋರಾಕತ್ತದ ನೋಡ್ರಿ."

ದೇವಾನಂದ ಮಾಳಿಂಗನನ್ನು ತರಲು ಆಗಲೇ ಮತ್ತೆ ನೀರಿಗೆ ಬಿದ್ದಿದ್ದ. ಅವನ ಎಡಗಿವಿ ದಂಡೆಯ ಕಡೆ ಇತ್ತು. ಕರೆದಿದ್ದರೂ ಕೇಳುತ್ತಿರಲಿಲ್ಲ.

ದಶರಥ ಬಂದ. "ಸರಿ ತಂಗಿ. ಇಷ್ಟ ಮಂದಿ ಗಂಡಸರ ಅದೀವಿ, ನೀ ಯಾಕ ಸಾಯ್ತಿ? ಜರಾ ಕುಂದ್ರು, ಚಹಾ ಕುಡಿ," ಅಂದು ಹಗ್ಗ ಹಿಡಿದ.

ಭಾವನ ಕೈ ಹಗ್ಗಕ್ಕೆ ಬಂದ ಕೂಡಲೇ ಮಧುಮತಿಯ ಕೈ ಹಗ್ಗ ಬಿಟ್ಟಿತು. ಬಿಡಲೋ ಬೇಡವೋ ಅಂತ ಅವಳು ವಿಚಾರ ಮಾಡಲಿಲ್ಲ. ಬೆಂಕಿ ತಾಕಿದರೆ ಕೈ ಹೇಗೆ ಬರುತ್ತದೆಯೋ ಹಾಗೆ ಬಂತು. ಒಂದು ಹೆಜ್ಜೆ ಹಿಂದೆ ಸರಿದು ಒದ್ದೆ ಸೆರಗು ತಲೆ ಮೇಲೆ ಎಳೆದುಕೊಂಡಳು. ನೆಲ ನೋಡುತ್ತ ಹೇಳಿದಳು.

"ಭಾವಾ, ಎರಡ ಸಲ ಜಗ್ಗಿದ್ರ ಸಡ್ಲ ಬಿಡಬೇಕ್ರಿ."

ಭಾವನ ಮುಂದೆ ಮಾತಾಡುವ ದನಿ ಅದು, ಸಣ್ಣ ದನಿ. ಹೊಳೆ ಭೋರಿಡುತ್ತಿತ್ತು. ದಶರಥನಿಗೆ ಕೇಳಲಿಲ್ಲ. ಓಟದ ಹುಡುಗರು ಅವನ ಹಿಂದೆ ಸಾಲಾಗಿ ಹಗ್ಗ ಹಿಡಿದರು. ಗಟ್ಟಿ ಹುಡುಗರು. ಗುರುವಿನ ಹಗ್ಗ ಹಿಡಿಯಲು ಸಿಕ್ಕಿದ್ದಕ್ಕೆ ಹುರುಪು ಬಂದಿತ್ತು. ಯಾರೋ ಅವಳ ಕೈಗೆ ಚಹದ ಕಪ್ಪು ಕೊಟ್ಟರು.

ದೇವಾನಂದ ಅರ್ಧ ನೀರು ದಾಟಿದ್ದ. ಅಲ್ಲಿ ನಿಂತ. ಕಪ್ಪು ಹಿಡಿದುಕೊಂಡೇ ಮಧುಮತಿ ಹಗ್ಗ ನೋಡಿದಳು. ಹಗ್ಗ ಎರಡು ಸಲ ಅಲುಗಿತು.

"ಜಗ್ಗಿದ," ಅಂದ ದಶರಥ. "ಎಳೀರಿ."

ಎಲ್ಲರೂ ಕೂಡಿ ಎಳೆದರು. ಮನಸ್ಸು ಕೊಟ್ಟು ಎಳೆದರು. ಹಗ್ಗ ಕಟ್ಟಿಗೆಯಂತೆ ನಿಂತಿತು. ಕಾಲು ಸೀರೆಗೆ, ಸೊಂಟ ಹಗ್ಗಕ್ಕೆ, ಮೇಲಿಂದ ಹೊಳೆ. ದೇವಾನಂದನ ತಲೆ ಒಂದು ಸಲ ಕಂಡಿತು, ಆಮೇಲೆ ಅದರ ಮೇಲೆ ನೀರು ಹರಿಯಿತು. ಮಧುಮತಿ ಕಪ್ಪು ಒಗೆದು ಓಡಿ ಬಂದಳು. ಸೆರಗು ಬಿತ್ತು. ಬಿಡ್ರಿ, ಸಡ್ಲ ಬಿಡ್ರಿ ಅಂತ ಕೂಗಿದಳು. ಹುಡುಗರು ಅವಳ ಮುಖ ನೋಡಿದರು. ಗಾಬರಿಯಾಗಿ ಇನ್ನೂ ಜೋರಾಗಿ ಎಳೆದರು.

ಆಗ ಹಗ್ಗ ಒಮ್ಮೆಲೇ ಹಗುರಾಯಿತು. ಎಲ್ಲರೂ ಹಿಂದಕ್ಕೆ ಒಬ್ಬರ ಮೇಲೊಬ್ಬರು ಕೆಸರಿನಲ್ಲಿ ಬಿದ್ದರು. ಬಂದೇಬಿಟ್ಟ ಅಂದುಕೊಂಡು ಒಬ್ಬ ಹುಡುಗ ನಕ್ಕ ಕೂಡ. ಹಗ್ಗದ ತುದಿ ನೀರಿನ ಮೇಲೆ ಖಾಲಿ ಹರಿದು ಬಂತು.

ಮಧುಮತಿ ತುದಿ ಎತ್ತಿ ನೋಡಿದಳು. ಸೆರಗಿನೊಳಗೆ ಮುಚ್ಚಿಕೊಂಡಳು.

ಸಂಜೆಗೆ ದೋಣಿ ಬಂತು. ಅಷ್ಟರಲ್ಲಿ ಪಂಪಿನ ಮನೆಯ ಒಂದು ಬದಿ ಕುಸಿದಿತ್ತು. ನಿಂಬೆವ್ವ, ಭುವನೇಶ್ವರಿ ಕೂತಿದ್ದ ಬದಿ. ಇನ್ನೊಂದು ಮೂಲೆಯಲ್ಲಿ ಮಾಳಿಂಗ ಮುದುಡಿ ಕೂತಿದ್ದ. ಅವನನ್ನು ತಂದರು. ಅವನು ಮಧುಮತಿಯ ಮುಂದೆ ಬಂದು ನಿಂತ, ಹೆಗಲ ಕಂಬಳಿ ತೆಗೆದು ಅವಳ ಕಾಲ ಮುಂದೆ ಇಟ್ಟು ಹೋದ. ಕಂಬಳಿ ಒದ್ದೆ ಇತ್ತು.

ದೇವಾನಂದ ಜೇವರ್ಗಿ ತಾಲೂಕಿನಲ್ಲಿ ಸಿಕ್ಕ. ನೀರು ಇಳಿದ ಮೇಲೆ, ತೊಗರಿ ಹೊಲದ ಕೆಸರಿನಲ್ಲಿ. ಅವಳ ತವರಿನಿಂದ ದೂರವಲ್ಲ. ಬಲಗೈಗೆ ಚಾಕು ಹಾಗೇ ಕಟ್ಟಿತ್ತು. ಕಾಲಿಗೆ ಸೀರೆಯ ತುಂಡು ಇತ್ತು. ಗುರುತು ಹಿಡಿಯಲು ಕರೆದಾಗ ಮಧುಮತಿ ಮುಖ ನೋಡಲಿಲ್ಲ. ಚಾಕುವಿನ ದಾರದ ಗಂಟು ನೋಡಿದಳು. ಆ ಗಂಟು ಅವಳೇ ಹಾಕಿದ್ದು.

ಮಟಕಿಗೆ ತಂದರು. ನಿವೃತ್ತ ಆದವನಿಗೆ ಧ್ವಜ ಹೊದಿಸಬೇಕೋ ಬೇಡವೋ ಅಂತ ಬಂದವರು ನೆರಳಿನಲ್ಲಿ ನಿಂತು ಮಾತಾಡಿದರು. ಕಡೆಗೆ ಹೊದಿಸಿದರು. ಬೌದ್ಧ ಭಿಕ್ಷು ಭಂತೇಜಿ ಬಂದು ಬುದ್ಧವಂದನೆ ಹೇಳಿಸಿದರು. ಚಹದ ಅಂಗಡಿಯ ಬೆಂಚಿನಿಂದ ಎದ್ದು ಹೋಗುತ್ತಿದ್ದವರೂ ಬಂದಿದ್ದರು, ಹೂವಿನ ಹಾರ ತಂದಿದ್ದರು.

ಹೆಂಗಾಯಿತು ಅಂತ ಕೇಳಿದವರಿಗೆಲ್ಲ ದಶರಥ ಒಂದೇ ಮಾತು ಹೇಳಿದ. "ಹಗ್ಗ ಹರೀತು. ಹಳೇ ಹಗ್ಗ. ನಾವು ಎಳದೀವಿ, ಹಗ್ಗ ತಡೀಲಿಲ್ಲ." ಅಳುತ್ತ ಹೇಳುತ್ತಿದ್ದ. ಪೇಪರಿನಲ್ಲೂ ಹಾಗೇ ಬಂತು.

ಅದು ಹಳೇ ಹಗ್ಗವಾಗಿರಲಿಲ್ಲ. ಪ್ರತಿ ಸಲ ನೀರಿನಿಂದ ಬಂದ ಮೇಲೆ ಮಧುಮತಿ ಅದನ್ನು ನೆರಳಿಗೆ ಒಣಗಿಸುವಳು. ಮೊಳ ಮೊಳ ಕೈಯಾಡಿಸಿ ನೋಡುವಳು. ಅವಳು ಸುಮ್ಮನಿದ್ದಳು. ಚಂದಮ್ಮನ ಮುಂದೆ ಏನು ಹೇಳುವುದು? ಒಬ್ಬ ಮಗ ಹೋದ, ಇನ್ನೊಬ್ಬ ಮಗನ ಕೈಯಿಂದ ಹೋದ ಅಂತಲೇ?

ಅಂಗಡಿ ಮತ್ತೆ ತೆಗೆದಳು. ಸಂಗಮದ ಕಡೆ ಹೋಗಲಿಲ್ಲ. ಮಂದಿ ನಡುವೆ ಯಾರದಾದರೂ ಚೀಲ ತಾಕಿ ಸೆರಗು ಜಗ್ಗಿದರೆ ತಿರುಗಿ ನೋಡುವಳು. ಗಿರಾಕಿ ಕಾಯಿ ಕೇಳುತ್ತಿರುವಾಗಲೂ ತಿರುಗಿ ನೋಡುವಳು.

ವರ್ಷ ತುಂಬುವ ಹೊತ್ತಿಗೆ ಮಟಕಿಯ ತಿರುವಿನಲ್ಲಿ ಅವನ ಹೆಸರಿನ ಕಲ್ಲು ನಿಲ್ಲಿಸುವ ಮಾತು ಬಂತು. ದಶರಥನೇ ಮುಂದೆ ನಿಂತ. ಕಲ್ಲಿನ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಹಗ್ಗ ಇಡಬೇಕು ಅಂತ ಅವನ ಆಸೆ. ಶಂಕರಲಿಂಗನನ್ನು ಕರೆದುಕೊಂಡು ಚೌಡಾಪುರಕ್ಕೆ ಬಂದ. ಹೊರಗಿನ ಕಟ್ಟೆ ಮೇಲೆ ಕೂತ. ಮಧುಮತಿ ಚಹದ ಕಪ್ಪುಗಳನ್ನು ನೆಲದ ಮೇಲೆ ಇಟ್ಟು ಸರಿದಳು.

"ಹಗ್ಗ ಕೊಡು ತಂಗಿ," ಅಂದ ದಶರಥ. "ಹರಿದ ಹಗ್ಗ ನೋಡಿದ್ರ ಮಂದೀಗಿ ತಿಳೀತದ, ಹೆಂಗ ಸತ್ತಾನ ಅಂತ."

ಶಂಕರಲಿಂಗ ನೆಲ ನೋಡುತ್ತ, "ಅಕ್ಕ, ಪೊಲೀಸರು ನನಗ ಕೇಳಾಕತ್ತಾರ. ಸಂಗಮದಾಗ ಇಳೀತಿ ಏನಂತ. ನಾ ಹ್ಞೂಂ ಅಂದೇನಿ," ಅಂದ.

"ಹಗ್ಗ ಯಾರ ಹಿಡೀತಾರ?" ಕೇಳಿದಳು.

"ಯಾರರೆ ಹಿಡೀತಾರ. ಹುಡುಗರ ಅದಾರಲ್ಲ."

ಮಧುಮತಿ ಒಳಗೆ ಹೋದಳು. ಟ್ರಂಕು ತೆಗೆದಳು. ತುದಿ ತಂದು ಈ ಸಲ ನೆಲದ ಮೇಲೆ ಇಡಲಿಲ್ಲ. ದಶರಥನ ಅಂಗೈ ಮೇಲೆ ಇಟ್ಟಳು. ಅವಳ ಬೆರಳು ಅವನ ಕೈಗೆ ತಾಕಿತು. ಅವನು ಬೆಚ್ಚಿ ಮುಖ ಎತ್ತಿದ. ಅವಳ ತಲೆ ಮೇಲೆ ಸೆರಗು ಇರಲಿಲ್ಲ.

ದಶರಥ ಹುಟ್ಟಿದಾಗಿನಿಂದ ಹಗ್ಗದ ಜೊತೆ ಇದ್ದವನು. ಎತ್ತಿನ ಹಗ್ಗ, ಬಂಡಿಯ ಹಗ್ಗ, ಕಣಿಕೆ ಕಟ್ಟುವ ಹಗ್ಗ. ಹರಿದ ಹಗ್ಗ ಹೇಗೆ ಇರುತ್ತದೆ ಅಂತ ಅವನಿಗೆ ಯಾರೂ ಹೇಳಬೇಕಾಗಿಲ್ಲ. ಎಳೆ ಎಳೆ ಬಿಚ್ಚಿ, ಉದ್ದ ಗಿಡ್ಡ ಆಗಿ, ಜೋಳದ ತೆನೆಯ ತುದಿಯಂತೆ ಇರುತ್ತದೆ. ಇದು ಹಾಗಿರಲಿಲ್ಲ. ಓರೆಯಾಗಿ, ನುಣ್ಣಗೆ, ಒಂದೇ ಏಟಿಗೆ ಕೊಯ್ದದ್ದು.

ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಚಹ ಆರಿತು.

"ತಾನ ಕೊಯ್ಕೊಂಡಾನ," ಅಂದ.

"ಹೌದ್ರಿ."

"ಯಾಕ?"

ಅವನು ಉತ್ತರಕ್ಕೆ ಕಾಯಲಿಲ್ಲ. ಹಗ್ಗದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಹೇಳಿದ.

"ಎರಡ ಸಲ ಜಗ್ಗಿದ್ದ. ನನ್ನ ಕೈಗಿ ತಿಳಿದಿತ್ತು. ಎರಡ ಅಂದ್ರ ಏನ್ ತಂಗಿ?"

ಮಧುಮತಿ ಅವನ ಮುಖ ನೋಡಿದಳು. ಮದುವೆಯಾದಾಗಿನಿಂದ ಆ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಗಂಡನ ಹಣೆಯೇ ಅಲ್ಲಿ ಇತ್ತು, ಅದೇ ಅಗಲ, ಅದೇ ಗೆರೆ. ಚಲೋ ಅದೇನಿ ಅಂತ ಹೇಳಿದ್ದ, ಅಂತ ಅಂದುಬಿಟ್ಟರೆ ಆಯಿತು. ಅವನು ಎದ್ದು ಹೋಗುವನು, ಉಂಡಾನು, ಮಲಗಿಯಾನು. ಅವಳ ಬಾಯಿ ತನಕ ಬಂತು. ಬದಿಯಲ್ಲಿ ಶಂಕರಲಿಂಗ ಕೂತಿದ್ದ. ಯಾರರೆ ಹಿಡೀತಾರ ಅಂದವನು.

"ಸಡ್ಲ ಬಿಡು ಅಂತ," ಅಂದಳು.

ದಶರಥ ತಲೆ ಆಡಿಸಿದ. ಹೊಲದ ಲೆಕ್ಕ ಕೇಳಿದವರಂತೆ ಆಡಿಸಿದ. ತುದಿಯನ್ನು ಕಟ್ಟೆ ಮೇಲೆ ಇಟ್ಟ. ಎದ್ದು ಚಪ್ಪಲಿ ಮೆಟ್ಟಲು ಹೋದ, ಕಾಲು ಚಪ್ಪಲಿಗೆ ಸಿಗಲಿಲ್ಲ. ಬರಿಗಾಲಲ್ಲೇ ರಸ್ತೆಗೆ ಇಳಿದ. ಶಂಕರಲಿಂಗ ಚಪ್ಪಲಿ ಎತ್ತಿಕೊಂಡು ಹಿಂದೆ ಓಡಿದ.

ಕಲ್ಲು ನಿಲ್ಲಲಿಲ್ಲ. ತಂದ ಕಲ್ಲು ದಶರಥನ ಹೊಲದ ಬದುವಿನಲ್ಲಿ ಬೋರಲು ಬಿದ್ದಿದೆ. ಹಗ್ಗ ಹರೀತು ಅನ್ನುವ ಮಾತನ್ನು ಅವನು ಬಿಟ್ಟ. ಕೇಳಿದವರಿಗೆ, "ನಾ ಎಳದೆ," ಅನ್ನುತ್ತಾನೆ. ಕೇಳಿದವರು ಮುಂದೆ ಕೇಳುವುದಿಲ್ಲ. ಚಂದಮ್ಮ ಅವನ ಕೂಡ ಮಾತು ಬಿಟ್ಟಳು. ಆದರೂ ಅವನು ಉಂಡ ತಾಟು ಅವಳೇ ತೊಳೆಯುತ್ತಾಳೆ.

ಆಮೇಲೆ ಸಂಗಮದಲ್ಲಿ ಒಬ್ಬ ಮುದುಕ ಮುಳುಗಿದ. ಜಗದೇವಪ್ಪ ಅಂಗಡಿಗೆ ಬಂದು ನಿಂತ. ಮಧುಮತಿ ಅಂಗಡಿ ಮುಚ್ಚಿದಳು. ಹೊಸ ಹಗ್ಗ ತೆಗೆದುಕೊಂಡು ನಡೆದಳು. ಶಂಕರಲಿಂಗನ ಕೈಗೆ ಚಾಕುವಿನ ದಾರ ಕಟ್ಟಿದಳು, ಅದೇ ಗಂಟು. ಅವನು ಇಳಿದ.

ಸುದ್ದಿ ಕೇಳಿ ದಶರಥ ಬಂದಿದ್ದ. ಯಾರು ಕರೆದರೋ ಗೊತ್ತಿಲ್ಲ. ಅವಳ ಹಿಂದೆ, ದೂರ ಅಲ್ಲ, ಹತ್ತಿರವೂ ಅಲ್ಲ, ನಿಂತ. ಹಗ್ಗ ಅಲುಗಿದಾಗ ದಂಡೆಯ ಮಂದಿಯಲ್ಲಿ ಇಬ್ಬರು, "ಸರಿರಿ ಅಕ್ಕ, ನಾವು ಹಿಡೀತೀವಿ," ಅಂತ ಮುಂದೆ ಬಂದರು.

"ಮುಟ್ಟಬ್ಯಾಡ್ರಿ," ಅಂದ ದಶರಥ. ಕೂಗಲಿಲ್ಲ. ಅವರು ನಿಂತರು.

ಹಗ್ಗ ಎರಡು ಸಲ ಜಗ್ಗಿತು. ಮಧುಮತಿ ಸಡಿಲ ಬಿಟ್ಟಳು. ಹಗ್ಗ ಹಳೇ ಗಾಯದ ಮೇಲೆ ಹಾದು ಹೋಯಿತು. ಹಿಂದೆ ದಶರಥನ ಉಸಿರು ನಿಂತದ್ದು ಅವಳಿಗೆ ಕೇಳಿಸಿತು. ಹೊಳೆಯ ಮೇಲೆ ಏನೂ ಕಾಣಲಿಲ್ಲ. ಅವಳು ಕಾದಳು.

ಮೂರು ಸಲ ಜಗ್ಗಿತು. ಎಳೆದಳು.

ಮುದುಕನ ಹೆಣ ಬಂತು. ಅದನ್ನು ಹಿಡಿದುಕೊಂಡು ಶಂಕರಲಿಂಗ ಬಂದ, ಕೆಮ್ಮುತ್ತ, ಉಗುಳುತ್ತ, ಜೀವಂತ.